ಅವ್ವನ ತಲೆಗೆ ಅಜ್ಜಿಯ ತಂಪು

ನಮ್ಮ ಮನೆಯಲ್ಲಿ ಊಟದ ತಟ್ಟೆಯಲ್ಲಿ ಕೂದಲು ಸಿಕ್ಕರೆ ಅದು ಯಾರದು ಎಂದು ಯಾರೂ ಕೇಳುತ್ತಿರಲಿಲ್ಲ. ಉದ್ದ ನೋಡಿದರೆ ಸಾಕು, ಅವ್ವನದು ಎಂದು ಗೊತ್ತಾಗುತ್ತಿತ್ತು. ಮುದ್ದೆಯೊಳಗಿಂದ ಎಳೆದರೆ ಬರುತ್ತಲೇ ಇರುತ್ತಿತ್ತು. ಅಪ್ಪ ಬೈಯುವ ಗಂಡಸಲ್ಲ. ಕೂದಲನ್ನು ಎಡಗೈ ಬೆರಳಿಗೆ ಸುತ್ತಿ ಉಂಡೆ ಮಾಡಿ ತಟ್ಟೆಯ ಪಕ್ಕ ನೆಲದ ಮೇಲಿಟ್ಟು, ಉಳಿದದ್ದನ್ನು ಉಂಡು ಎದ್ದುಹೋಗುತ್ತಿದ್ದ. ಬೈದಿದ್ದರೆ ಅವ್ವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಅವಳು ಬಂದು ತಟ್ಟೆ ತೆಗೆಯುವ ಮೊದಲು ಆ ಉಂಡೆಯನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. ಆಮೇಲೆ ತಲೆಗೆ ಹಳೇ ಪಂಚೆಯ ತುಂಡು ಬಿಗಿದುಕೊಂಡು ಅಡುಗೆ ಮಾಡಲು ಶುರುಮಾಡಿದಳು. ಒಲೆಯ ಮುಂದೆ ಆ ಬಟ್ಟೆ ಕಟ್ಟಿಕೊಂಡು ಕೂತ ಅವ್ವನೇ ನನಗೆ ಇವತ್ತಿಗೂ ಮೊದಲು ನೆನಪಾಗುವ ಅವ್ವ. ನನಗೆ ನೆನಪು ಬರುವ ಮೊದಲು ಅವಳಿಗೆ ಬೇರೆ ತಲೆ ಇತ್ತು ಎಂಬುದನ್ನು ಬೇರೆಯವರು ಹೇಳಿ ನಂಬಬೇಕಾಯಿತು.

ಕೆರಗೋಡಿನ ಬಸ್ಸು ಇಳಿದು ಗದ್ದೆ ಬದುವಿನ ಮೇಲೆ ಒಂದಿಷ್ಟು ನಡೆದರೆ ನಮ್ಮೂರು. ಮನೆ ದೊಡ್ಡದಲ್ಲ. ಮುಂದೆ ಜಗಲಿ, ಒಳಗೆ ನಡುಮನೆ, ಅದಕ್ಕೆ ಅಂಟಿಕೊಂಡ ಅಡುಗೆಕೋಣೆ, ಹಿಂದೆ ಬಚ್ಚಲು, ಅದರಾಚೆ ಹಿತ್ತಿಲ ಕಡೆಗೆ ಇನ್ನೊಂದು ಸಣ್ಣ ಜಗಲಿ. ಅಡುಗೆಕೋಣೆಗೆ ಬೆಳಕು ಬರುತ್ತಿದ್ದದ್ದು ಸೂರಿನ ಒಂದು ಗಾಜಿನ ಹೆಂಚಿನಿಂದ. ಕಬ್ಬಿನ ಕಾಲದಲ್ಲಿ ಪಕ್ಕದ ಹೊಲದ ಆಲೆಮನೆಯಿಂದ ಬೆಲ್ಲ ಕುದಿಯುವ ವಾಸನೆ ಬಂದು ಮನೆಯೊಳಗೆಲ್ಲ ಕೂತಿರುತ್ತಿತ್ತು. ಬಟ್ಟೆಗೂ ಹಾಸಿಗೆಗೂ ಅದೇ ವಾಸನೆ. ನಾವು ಮಕ್ಕಳು ಬಿಸಿ ಬೆಲ್ಲವನ್ನು ಕಬ್ಬಿನ ಸಿಪ್ಪೆಯಲ್ಲಿ ಬಳಿದು ತಿಂದು ಬಾಯಿ ಸುಟ್ಟುಕೊಳ್ಳುತ್ತಿದ್ದೆವು. ಅವ್ವನಿಗೆ ಅದು ಬರೀ ವಾಸನೆಯಾಗಿಯೇ ಉಳಿಯಿತು. ಯಾಕೆ ಎಂಬುದನ್ನೇ ಈಗ ಹೇಳಲು ಹೊರಟಿದ್ದೇನೆ.

ಅವ್ವ ಮಳವಳ್ಳಿ ಕಡೆಯವಳು. ಹೆಣ್ಣು ನೋಡಲು ಹೋದಾಗ ಅಜ್ಜಿ, ಅಂದರೆ ಅಪ್ಪನ ತಾಯಿ, ಹುಡುಗಿಯ ಜಡೆ ಬಿಚ್ಚಿಸಿ, ಕೈಯಲ್ಲಿ ಹಿಡಿದು ತೂಗಿ ನೋಡಿದ್ದಳಂತೆ. ಬಣ್ಣ ಕೇಳಲಿಲ್ಲ, ಓದು ಕೇಳಲಿಲ್ಲ. ಅಲ್ಲೇ ತಾಂಬೂಲಕ್ಕೆ ಕೈಚಾಚಿದಳಂತೆ. ಮದುವೆಯಾಗಿ ಬಂದ ಮೇಲೆ ಶುಕ್ರವಾರ ಬಂತೆಂದರೆ ಸೊಸೆಯ ತಲೆ ಅತ್ತೆಯ ಸುಪರ್ದಿಗೆ. ಬೆಳಿಗ್ಗೆಯೇ ಹರಳೆಣ್ಣೆ ಬಿಸಿ ಮಾಡಿ, ಅವ್ವನನ್ನು ಮಣೆಯ ಮೇಲೆ ಕೂರಿಸಿಕೊಂಡು, ನೆತ್ತಿಗೆ ತಟ್ಟಿ ತಟ್ಟಿ ಹಚ್ಚಿ, ಹಂಡೆಯ ನೀರು ಕಾದ ಮೇಲೆ ತಾನೇ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೂದಲು ಒಣಗಿಸುತ್ತಿದ್ದಳು. ಬೀದಿಯ ಹೆಂಗಸರು ಏನಾದರೂ ನೆಪ ಮಾಡಿಕೊಂಡು ಬಂದು ನೋಡಿಹೋಗಬೇಕು, ಹೋದ ಮೇಲೆ ಅಜ್ಜಿ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯಬೇಕು. ಅಜ್ಜಿಯನ್ನು ಕೆಟ್ಟವಳೆಂದು ಬರೆದುಬಿಟ್ಟರೆ ನನ್ನ ಕೆಲಸ ಸುಲಭವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಅವಳಿಗೆ ಸೊಸೆಯ ಮೇಲೆ ಪ್ರೀತಿ ಇತ್ತು. ಆ ಪ್ರೀತಿ ಕೂದಲಿನಲ್ಲಿ ಇತ್ತು, ಅಷ್ಟೇ. ಅಜ್ಜಿ ತಾನು ಮಾತ್ರ ಯಾವಾಗಲೂ ತಲೆ ತುಂಬ ಸೆರಗು ಹೊದ್ದಿರುತ್ತಿದ್ದಳು. ಬಾಡು, ಅಂದರೆ ಮಾಂಸ, ತಿನ್ನುತ್ತಿರಲಿಲ್ಲ, ಬೆಲ್ಲ ಮುಟ್ಟುತ್ತಿರಲಿಲ್ಲ. ನಾವೆಲ್ಲ ಅದನ್ನು ದೇವರ ಭಕ್ತಿ ಎಂದುಕೊಂಡಿದ್ದೆವು.

ತಂಗಿ ಹುಟ್ಟಿ ಅವಳು ಮಗುಚಿಕೊಳ್ಳುವ ಹೊತ್ತಿಗೆ ಅವ್ವನ ಕೂದಲು ಉದುರತೊಡಗಿತು. ಬಾಣಂತಿಯರಿಗೆ ಕೆಲವು ತಿಂಗಳಿಗೆ ಹಾಗೆ ಉದುರುತ್ತದೆ, ಮಗು ಅಮ್ಮನ ಮುಖ ಗುರುತು ಹಿಡಿಯುವಾಗ ಕೂದಲು ಹೋಗುತ್ತದೆ ಎನ್ನುತ್ತಾರೆ ನಮ್ಮ ಕಡೆ, ಆಮೇಲೆ ತಾನೇ ಬರುತ್ತದೆ. ಅವ್ವನದು ಬರಲಿಲ್ಲ. ತಂಗಿ ತೆವಳಿದಳು, ನಡೆದಳು, ಓಡಿದಳು, ಕೂದಲು ಉದುರುತ್ತಲೇ ಇತ್ತು. ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಬಚ್ಚಲ ಕಂಡಿಯಲ್ಲಿ, ನನ್ನ ಬಟ್ಟೆಯ ಗುಂಡಿಗೆ ಸುತ್ತಿಕೊಂಡು, ಎಲ್ಲೆಲ್ಲೂ ಕೂದಲು. ಅಜ್ಜಿ ತನಗೆ ಗೊತ್ತಿದ್ದ ಔಷಧಿಯನ್ನೆಲ್ಲ ಮಾಡಿದಳು. ಗದ್ದೆ ಬದುವಿನಿಂದ ಗರುಗದ ಸೊಪ್ಪು ಕಿತ್ತು ತಂದು ಎಣ್ಣೆ ಕಾಯಿಸಿದಳು. ದಾಸವಾಳದ ಎಲೆ ಕಿವುಚಿ ಲೋಳೆ ಹಚ್ಚಿದಳು. ಮೆಂತ್ಯ ನೆನೆಸಿ ರುಬ್ಬಿ ಮೆತ್ತಿದಳು. ಈರುಳ್ಳಿ ಜಜ್ಜಿ ರಸ ಉಜ್ಜಿದಾಗ ಅವ್ವನ ಕಣ್ಣಲ್ಲಿ ಸುರಿದ ನೀರು ಈರುಳ್ಳಿಯದೋ ಅವಳದೋ ಎಂದು ನನಗೆ ತಿಳಿಯುತ್ತಿರಲಿಲ್ಲ. ಮನೆಯೊಳಗೆ ಬೆಲ್ಲದ ವಾಸನೆ ಹೋಗಿ ಈರುಳ್ಳಿ ವಾಸನೆ ಬಂತು. ಯಾವುದೂ ಹತ್ತಲಿಲ್ಲ.

ಎಣ್ಣೆ ಸೋತ ಮೇಲೆ ಅಜ್ಜಿ ಊಟಕ್ಕೆ ಕೈಹಾಕಿದಳು. ಅವಳ ಲೆಕ್ಕ ಬಹಳ ಸರಳ. ಅವ್ವ ತಿಂಗಳು ತಿಂಗಳು ಹೊರಗಾದಾಗ ಬಹಳ ಹೋಗುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ. ಹಿತ್ತಿಲಲ್ಲಿ ಹಳೇ ಸೀರೆಯ ಕೆಳಗೆ ಮರೆಮಾಡಿ ಒಣಹಾಕಿದ ಬಟ್ಟೆಗಳು ತಿಂಗಳಿನ ಅರ್ಧದಷ್ಟು ದಿನ ಅಲ್ಲೇ ಇರುತ್ತಿದ್ದವು. ಹಾಗೆ ಹೋಗುವುದಕ್ಕೂ ಕೂದಲು ಉದುರುವುದಕ್ಕೂ ಸಂಬಂಧವಿದೆ ಎಂದು ಊರಿನಲ್ಲಿ ಮೊದಲು ಹೇಳಿದವಳು ಅಜ್ಜಿಯೇ. ಆ ಮಟ್ಟಿಗೆ ಅವಳ ಮಾತು ಸರಿಯಾಗಿಯೇ ಇತ್ತು. ಅದನ್ನು ಈಗ ನೆನೆದರೆ ನನಗೆ ಇನ್ನಷ್ಟು ಸುಸ್ತಾಗುತ್ತದೆ.

"ಎಲ್ಡೂ ಒಂದೇ ಕಣಮ್ಮಿ. ಮೈಯೊಳ್ಗೆ ಉಸ್ಣ ಎಚ್ಚಾಗ್ಯದೆ. ಆ ಕಾವಿಗೇ ಕೆಳ್ಗೂ ಓಯ್ತದೆ, ಮ್ಯಾಲೂ ಉದುರ್ತದೆ. ಕಾವು ಇಳ್ಸಿದ್ರೆ ಎಲ್ಡೂ ನಿಲ್ತವೆ."

"ಎಷ್ಟು ದಿನ ಅತ್ತೆ?" ಎಂದಳು ಅವ್ವ.

"ಕೂದ್ಲು ಬರಾಗಂಟ."

ಅಂದಿನಿಂದ ಅವ್ವನ ತಟ್ಟೆಯೇ ಬೇರೆಯಾಯಿತು. ಬಾಡು ಉಷ್ಣ, ಬಿಟ್ಟಾಯಿತು. ಮೊಟ್ಟೆ ಉಷ್ಣ. ಬೆಲ್ಲ ಉಷ್ಣ, ಎಳ್ಳು ಉಷ್ಣ, ಹುರುಳಿ ಉಷ್ಣ. ಹಿತ್ತಿಲಲ್ಲೇ ಬೆಳೆದ ನುಗ್ಗೆಸೊಪ್ಪು ಮಹಾ ಉಷ್ಣ. ಉಳಿದದ್ದು ಮುದ್ದೆ, ನೀರು ಮಜ್ಜಿಗೆ, ಗಂಜಿ, ಸೌತೆಕಾಯಿ. ಜೊತೆಗೆ ಶನಿವಾರ ಸೋಮವಾರ ಒಪ್ಪೊತ್ತು, ದೇವರೂ ಒಂದಿಷ್ಟು ತಂಪು ಮಾಡಲಿ ಎಂದು. ಹೊರಗಾದ ದಿನಗಳಲ್ಲಿ ಅವ್ವ ಹಿಂದಿನ ಜಗಲಿಯಲ್ಲೇ ಇರಬೇಕಿತ್ತು, ಅಡುಗೆಕೋಣೆಗೆ ಕಾಲಿಡುವಂತಿರಲಿಲ್ಲ, ಆದ್ದರಿಂದ ಆಗ ಅಜ್ಜಿ ಎಷ್ಟು ನೀಡಿದರೆ ಅಷ್ಟೇ. ಆ ದಿನಗಳು ಅರ್ಧ ತಿಂಗಳಿಗೆ ಬೆಳೆದವು. ಮನೆಯಲ್ಲಿ ಕೋಳಿ ಕುಯ್ದ ದಿನ ಮಸಾಲೆ ರುಬ್ಬುವವಳು ಅವ್ವ, ಬೇಯಿಸುವವಳು ಅವ್ವ, ಬಡಿಸುವವಳು ಅವ್ವ. ನಾವು ಮೂಳೆ ಚೀಪುವಾಗ ಅವಳು ಗೋಡೆಗೆ ಒರಗಿ ನಿಂತು ಮುದ್ದೆಗೆ ಮಜ್ಜಿಗೆ ಕಲಸಿಕೊಂಡು ನುಂಗುತ್ತಿದ್ದಳು. ಅಪ್ಪ ಒಮ್ಮೆ ಒಂದು ತುಂಡು ಎತ್ತಿ ತನ್ನ ತಟ್ಟೆಯ ಅಂಚಿಗೆ ಇಟ್ಟುಕೊಂಡು ಅವ್ವನ ಕಡೆ ನೋಡಿದ. ಅಜ್ಜಿ ಅಪ್ಪನ ಕಡೆ ನೋಡಿದಳು. ಅಪ್ಪ ಅದನ್ನು ತಾನೇ ತಿಂದ.

ಅಜ್ಜಿ ಉದುರಿದ ಕೂದಲನ್ನು ಬಿಸಾಡಲು ಬಿಡುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಗೋಡೆಯ ಸಂದಿಗೆ ತುರುಕಿ, ಬೀದಿಯಲ್ಲಿ ಕೂದಲು ಕೊಳ್ಳುವವನು ಕೂಗಿಕೊಂಡು ಬಂದಾಗ ಕೊಟ್ಟು ಪಿನ್ನೋ ಬಟ್ಟಲೋ ತೆಗೆದುಕೊಳ್ಳುತ್ತಿದ್ದರು. ನಮ್ಮಜ್ಜಿ ಅವನನ್ನು ಜಗಲಿಯಿಂದಲೇ ಓಡಿಸುತ್ತಿದ್ದಳು. ಅವ್ವನ ಕೂದಲನ್ನು ಎಳೆ ಬಿಡಿಸಿ, ತೊಳೆದು, ಒಂದು ಬಿಸ್ಕತ್ತು ಡಬ್ಬಿಯಲ್ಲಿ ತುಂಬಿಟ್ಟು, ತುಂಬಿದ ಮೇಲೆ ಮಂಡ್ಯದಿಂದ ಒಂದು ಚೌರಿ ಕಟ್ಟಿಸಿ ತಂದಳು. ಮದ್ದೂರಿನ ಛತ್ರದಲ್ಲಿ ನೆಂಟರ ಮದುವೆಗೆ ಹೋದಾಗ ಅವ್ವ ತನ್ನ ಕೂದಲಿನ ಜೊತೆ ತನ್ನದೇ ಕೂದಲು ಸೇರಿಸಿ ಜಡೆ ಹೆಣೆದುಕೊಂಡು, ಅದರ ಮೇಲೆ ಮೊಳಗಟ್ಟಲೆ ಹೂವು ಮುಡಿದು ಹೋದಳು. ಎಲ್ಲರೂ ಹೊಗಳಿದರು. ಅಜ್ಜಿ ಹಿಗ್ಗಿ ಕೂತಿದ್ದಳು. ಊಟದ ಪಂಕ್ತಿಯಲ್ಲಿ ಅವ್ವನ ಎಲೆಗೆ ಹೋಳಿಗೆ ಬಿದ್ದಾಗ ಅಜ್ಜಿ ಕೈ ನೀಡಿ ಅದನ್ನು ನನ್ನ ಎಲೆಗೆ ಎತ್ತಿಹಾಕಿದಳು, ಹೂರಣದಲ್ಲಿ ಬೆಲ್ಲ ಇದೆಯಲ್ಲ. ನಾನು ತಿಂದೆ. ಮಕ್ಕಳು ತಿನ್ನುತ್ತವೆ.

ಆ ಹೊತ್ತಿಗೆ ನಾನು ಶಾಲೆಗೆ ಸೇರಿದ್ದೆ. ನನ್ನ ಬಳಪಗಳು ಕಾಣೆಯಾಗತೊಡಗಿದವು. ಚೀಲದಲ್ಲಿಟ್ಟ ಉದ್ದನೆಯ ಬಳಪ ಬೆಳಿಗ್ಗೆ ನೋಡಿದರೆ ಗೇಣಿನಿಂದ ಬೆರಳಿಗೆ ಇಳಿದಿರುತ್ತಿತ್ತು, ಇಲ್ಲವೇ ಇರುತ್ತಲೇ ಇರಲಿಲ್ಲ. ಬಳಪವಿಲ್ಲದೆ ಹೋದದ್ದಕ್ಕೆ ಮೇಷ್ಟ್ರು ಕೈಮೇಲೆ ಬಾರಿಸಿದರು. ತಂಗಿಯೇ ಕದಿಯುತ್ತಾಳೆಂದು ನಾನು ಅವಳ ಜುಟ್ಟು ಹಿಡಿದು ಗುದ್ದಿದೆ. ಒಂದು ಮಧ್ಯಾಹ್ನ ಬೇಗ ಮನೆಗೆ ಬಂದಾಗ ಹಿಂದಿನ ಜಗಲಿಯಲ್ಲಿ ಕಟಕಟ ಸದ್ದು. ಅವ್ವ ಮೊಣಕಾಲು ಅಪ್ಪಿಕೊಂಡು ಕೂತು ಬಳಪ ಕಡಿಯುತ್ತಿದ್ದಳು. ತುಟಿಯೆಲ್ಲ ಬೂದಿ ಬಣ್ಣ. ನನ್ನನ್ನು ನೋಡಿದವಳು ನಾಚಲೂ ಇಲ್ಲ, ಬೆಚ್ಚಲೂ ಇಲ್ಲ, ಅಷ್ಟು ಶಕ್ತಿಯೂ ಅವಳಲ್ಲಿ ಇದ್ದಂತೆ ಕಾಣಲಿಲ್ಲ.

"ಯಾಕವ್ವ ತಿಂತೀಯ?"

"ಗೊತ್ತಿಲ್ಲ ಕಣಮ್ಮಿ. ಬಾಯಿ ಕೇಳ್ತದೆ. ನಿಮ್ಮಜ್ಜಿಗೆ ಏಳ್ಬ್ಯಾಡ."

ನಾನು ಹೇಳಲಿಲ್ಲ. ಬಳಪ ಸಿಗದ ದಿನ ಅವಳು ಮಳೆ ಬಿದ್ದ ಗೋಡೆಯ ಮಣ್ಣನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುವುದನ್ನೂ ಕಂಡೆ. ಆಮೇಲೆ ಅಕ್ಕಿ. ಅನ್ನಕ್ಕೆ ಅಕ್ಕಿ ಕೇರುವಾಗ ಹಿಡಿ ಹಿಡಿಯಾಗಿ ಹಸಿ ಅಕ್ಕಿ ಬಾಯಿಗೆ ಸುರಿದುಕೊಳ್ಳುತ್ತಿದ್ದಳು. ಅದು ಅಜ್ಜಿಯ ಕಣ್ಣಿಗೆ ಬಿತ್ತು. ಅವತ್ತು ನಡುಮನೆಯಲ್ಲಿ ನಡೆದ ರಂಪಕ್ಕೆ ಬೀದಿಯವರು ಕಿಟಕಿಗೆ ಬಂದರು.

"ಉಗಿಯೇ! ಉಗಿ ಮೊದ್ಲು! ನಾನು ಇಷ್ಟು ದಿನ ತಂಪು ಮಾಡ್ಕಂಡು ಬಂದ್ರೆ ನೀನು ಕದ್ದು ತಿಂತಾ ಇದ್ದೀಯಾ? ಅದ್ಕೇ ಕೂದ್ಲು ನಿಲ್ತಾ ಇಲ್ಲ. ಅಕ್ಕಿ ತಿನ್ನೋಳು ಇನ್ನೇನೇನು ತಿಂದಿದ್ದೀಯೋ!"

"ಒಟ್ಟೆ ಅಸೀತದೆ ಅತ್ತೆ."

"ಅಸೀತದೆ! ನಂಗೂ ಅಸೀತಿತ್ತು. ನಾನು ತಡೀಲಿಲ್ವಾ?"

ಅವ್ವ ಅಕ್ಕಿ ಉಗಿದಳು. ನೆಲದ ಮೇಲೆ ಬಿದ್ದ ಆ ಅರೆಬರೆ ಅಗಿದ ಅಕ್ಕಿಯನ್ನು ತಾನೇ ಬಳಿದು ಒರೆಸಿದಳು. ನಂಗೂ ಅಸೀತಿತ್ತು ಎಂದು ಅಜ್ಜಿ ಹೇಳಿದ್ದನ್ನು ನಮ್ಮಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜಗಳದಲ್ಲಿ ಆಡಿದ ಮಾತು, ಅಷ್ಟೇ ಅಂದುಕೊಂಡೆವು.

ಕೊನೆಗೆ ಅವ್ವ ಬಿದ್ದದ್ದು ಬಚ್ಚಲಿನಲ್ಲಿ. ಹಂಡೆಗೆ ನೀರು ಸುರಿಯಲು ಕೊಡ ಎತ್ತಿದವಳು ಕೊಡದ ಸಮೇತ ಕೂತುಬಿಟ್ಟಳು. ಸದ್ದಿಗೆ ನಾನೇ ಮೊದಲು ಓಡಿದೆ. ಕಣ್ಣು ತೆರೆದೇ ಇತ್ತು, ಆದರೆ ನಾನು ಕೂಗಿದ್ದು ಅವಳಿಗೆ ಕೇಳಿಸುತ್ತಿರಲಿಲ್ಲ. ತುಟಿಗೂ ಕೆನ್ನೆಗೂ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಅಷ್ಟು ಹೊತ್ತಿಗೆ ಸರಿಯಾಗಿ ಅವ್ವನ ತಮ್ಮ, ನಮ್ಮ ಮಾವ, ಭಾರತೀನಗರದಿಂದ ನಮ್ಮನ್ನು ನೋಡಲು ಬಂದಿದ್ದ. ಅವನಿಗೆ ಅಲ್ಲಿ ಒಂದು ಸೈಕಲ್ ಶಾಪು. ಎಷ್ಟೋ ತಿಂಗಳಾದ ಮೇಲೆ ಅಕ್ಕನನ್ನು ನೋಡುತ್ತಿದ್ದವನು ಅವಳನ್ನು ಎತ್ತಿ ಜಗಲಿಗೆ ತಂದು ಮಲಗಿಸಿ, ತಲೆಯ ಬಟ್ಟೆ ಬಿಚ್ಚಿದ. ಕೂದಲಿನ ನಡುವೆ ನೆತ್ತಿಯ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಮಾವ ಅಳುತ್ತಲೇ ಕೂಗಾಡಿದ.

"ಏನತ್ತೆ ಇದು? ನಮ್ಮಕ್ಕನ್ನ ಸಾಯ್ಸಬೇಕು ಅಂತ ಮಾಡಿದ್ದೀರಾ? ಆಸ್ಪತ್ರೆಗೆ ತೋರ್ಸಕ್ಕೆ ಏನು ದಾಡಿ?"

"ಕೂದ್ಲು ಉದುರಾದ್ಕೆ ಯಾರ್ಲಾ ಆಸ್ಪತ್ರೆಗೆ ಓಗ್ತಾರೆ? ನಾನು ನೋಡ್ಕತಾ ಇಲ್ವಾ?"

"ನೋಡ್ಕಂಡಿದ್ದು ಸಾಕು!"

ಅಪ್ಪ ಒಳಗೆ ಹೋಗಿ ಶರ್ಟು ಹಾಕಿಕೊಂಡು ಬಂದ. ಕಬ್ಬು ಸಾಗಿಸುವ ಲಾರಿಯೊಂದನ್ನು ನಿಲ್ಲಿಸಿ ಅವ್ವನನ್ನು ಮುಂದೆ ಕೂರಿಸಿ ಮಂಡ್ಯಕ್ಕೆ ಹೊರಟೆವು. ಅಜ್ಜಿ ತಾನೂ ಬರುತ್ತೇನೆಂದು ಹಟ ಹಿಡಿದು ಹತ್ತಿದಳು, ನಾನು ಅವಳ ತೊಡೆಯ ಮೇಲೆ. ದಾರಿಯುದ್ದಕ್ಕೂ ಗೊಣಗುತ್ತಲೇ ಇದ್ದಳು. ಡಾಕ್ಟರಿಗೆ ಏನು ಗೊತ್ತಾಗುತ್ತದೆ, ಅವರು ಸೂಜಿ ಚುಚ್ಚಿ ಇನ್ನಷ್ಟು ಕಾವು ಏರಿಸುತ್ತಾರೆ, ತಾನು ಮಾಡಿದ್ದನ್ನೆಲ್ಲ ಕೂತು ವಿವರಿಸಿ ಹೇಳಬೇಕು ಎಂದು.

ಡಾಕ್ಟರಮ್ಮ ಅಷ್ಟೇನೂ ವಯಸ್ಸಾದವರಲ್ಲ. ಅವ್ವನ ತಲೆ ಮುಟ್ಟಲೇ ಇಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ನಾಲಿಗೆ ಚಾಚಿಸಿದರು, ಉಗುರು ಒತ್ತಿ ನೋಡಿದರು.

"ತಲೆ ನೋಡವ್ವ. ಕಾಯ್ಲೆ ಇರಾದು ತಲೇಲಿ," ಎಂದಳು ಅಜ್ಜಿ.

"ನೋಡ್ತೀನಿ ಅಜ್ಜಿ. ಮೊದಲು ಇವರ ಮೈಯಲ್ಲಿ ರಕ್ತ ಇದೆಯಾ ಅಂತ ನೋಡೋಣ. ಊಟ ಏನು ಕೊಡ್ತೀರಿ?"

ಅಜ್ಜಿ ಕಾಯುತ್ತಿದ್ದ ಪ್ರಶ್ನೆ ಅದು. ನೆಟ್ಟಗೆ ಕೂತಳು.

"ಬಾಡು ಬುಡ್ಸಿವ್ನಿ. ಮೊಟ್ಟೆ ಬುಡ್ಸಿವ್ನಿ. ಬೆಲ್ಲ ಇಲ್ಲ, ಎಳ್ಳಿಲ್ಲ, ಉರ್ಳಿ ಇಲ್ಲ, ನುಗ್ಗೆಸೊಪ್ಪು ಇಲ್ಲ. ಬರೀ ತಂಪು ಕಣವ್ವ. ಕದ್ದು ಅಕ್ಕಿ ತಿಂತಾಳೆ, ಅದೊಂದೇ ನಂಗೆ ತಡ್ಯಕ್ಕೆ ಆಗ್ಲಿಲ್ಲ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಬೈಯುತ್ತಾರೆ ಎಂದು ನಾನು ಕಾದೆ. ಅವರು ಬೈಯಲಿಲ್ಲ, ಅವರಿಗೂ ಸುಸ್ತಾದಂತೆ ಕಂಡಿತು. ಅಕ್ಕಿ, ಮಣ್ಣು, ಬಳಪ ಬೇಕೆನಿಸುವುದೇ ಮೈಯಲ್ಲಿ ರಕ್ತ ಕಡಿಮೆಯಾಗಿರುವುದಕ್ಕೆ ಗುರುತು ಎಂದರು. ಬಳಪದ ವಿಷಯ ಅವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಅವ್ವನ ಮುಖ ನೋಡಿದೆ.

"ಅಜ್ಜಿ, ನೀವು ಬಿಡಿಸಿದ್ದೀರಲ್ಲ, ಅದೆಲ್ಲ ರಕ್ತ ಮಾಡೋ ಊಟ. ತಿಂಗಳು ತಿಂಗಳು ಇಷ್ಟು ರಕ್ತ ಹೊರಗೆ ಹೋಗ್ತಿದೆ, ಒಳಗೆ ಬರೋ ದಾರಿನೂ ಮುಚ್ಚಿದ್ದೀರಿ. ಇರೋ ಸ್ವಲ್ಪ ರಕ್ತಾನ ಮೈ ಮೊದಲು ಎದೆಗೆ ಕೊಡುತ್ತೆ, ಕೂದಲಿಗೆ ಕೊನೆಗೆ. ಕೂದಲಿಲ್ಲದೆ ಬದುಕಬಹುದು ಅಂತ ಮೈಗೆ ಗೊತ್ತು."

"ಅಂಗಾದ್ರೆ ಉಸ್ಣ?"

"ಉಷ್ಣ ಏನೂ ಇಲ್ಲಮ್ಮ."

ಅಜ್ಜಿಗೆ ಸಿಟ್ಟು ಬಂತು. ಎದ್ದು ನಿಂತು, ನಾನು ಹುಟ್ಟಿದಾಗಿನಿಂದ ಯಾರೆದುರಿಗೂ ತೆಗೆಯದಿದ್ದ ಸೆರಗನ್ನು ತಲೆಯಿಂದ ಜಾರಿಸಿದಳು. ಕಿವಿಯ ಸುತ್ತ, ಹಿಂದೆ, ಕೂದಲು ಇತ್ತು. ನೆತ್ತಿ ಪೂರ್ತಿ ಬರಿದು. ಬೈತಲೆ ಇರಬೇಕಾದಲ್ಲಿ ಅಂಗೈಯಗಲ ಚರ್ಮ.

"ಇದೇನು ಮತ್ತೆ? ನಂದೂ ಇದೇ ಕಾಯ್ಲೆ. ನಂಗೂ ನಮ್ಮತ್ತೆ ಇದೇ ಮಾಡಿದ್ಲು. ಮದ್ವೆಯಾಗಿ ಬಂದು ನಾಲ್ಕು ದೀವಳ್ಗೆ ಕಳೀಲಿಲ್ಲ, ಬಾಡು ಬುಡ್ಸಿದ್ಲು, ಬೆಲ್ಲ ಬುಡ್ಸಿದ್ಲು. ಇವತ್ತಿನ ಗಂಟ ನಾನು ಮುಟ್ಟಿಲ್ಲ. ಸತ್ತೋದ್ನಾ ನಾನು?"

ಡಾಕ್ಟರಮ್ಮ ಎದ್ದು ಬಂದರು. ಅವ್ವನ ತಲೆ ಮುಟ್ಟದಿದ್ದವರು ಅಜ್ಜಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಬೆರಳಿನಿಂದ ಬಿಡಿಸಿ ನೋಡಿದರು.

"ನಿಮ್ಮದು ಬೇರೆ ಅಜ್ಜಿ. ಇವರದು ಇಡೀ ತಲೆಯಿಂದ ಉದುರಿದೆ, ರಕ್ತ ಬಂದರೆ ತಿರುಗಿ ಬರುತ್ತೆ. ನಿಮ್ಮದು ವಂಶದಲ್ಲಿ ಬರೋದು. ಬೈತಲೆ ಅಗಲ ಆಗ್ತಾ ಆಗ್ತಾ ನೆತ್ತಿ ಬರಿದಾಗುತ್ತೆ. ಅದಕ್ಕೂ ಊಟಕ್ಕೂ ಸಂಬಂಧ ಇಲ್ಲ."

"ಸಂಬಂದ ಇಲ್ವಾ?"

"ಇಲ್ಲ."

"ಬಾಡು ತಿಂದಿದ್ರೂ ಇಂಗೇ ಆಗಾದಾ?"

"ಹೀಗೇ ಆಗ್ತಿತ್ತು. ತಿನ್ನದೇ ಇದ್ದಿದ್ರಿಂದ ಏನೂ ಉಳೀಲಿಲ್ಲ."

ಅಜ್ಜಿ ಸೆರಗನ್ನು ಮತ್ತೆ ತಲೆಗೆ ಹೊದ್ದುಕೊಂಡಳು. ಕೂತಳು. ಅವ್ವನನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ಅಪ್ಪನೂ ಮಾವನೂ ರಕ್ತ ಕೊಟ್ಟರು. ಅಪ್ಪ ಅವ್ವನಿಗೋಸ್ಕರ ಏನಾದರೂ ಮಾಡಿದ್ದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ, ತೋಳು ಮಡಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತು ನೆಲ ನೋಡುತ್ತಿದ್ದ. ಗರ್ಭಕೋಶದಲ್ಲಿ ಗಡ್ಡೆ ಇದೆ, ಅದಕ್ಕೇ ಅಷ್ಟು ಹೋಗುತ್ತಿದೆ ಎಂದು ಗೊತ್ತಾಗಿ, ಮೈಗೆ ಒಂದಿಷ್ಟು ರಕ್ತ ಬಂದ ಮೇಲೆ ಅದನ್ನು ತೆಗೆದರು. ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಬೇಕಾಯಿತು, ನುಂಗಿದರೆ ಹೊಟ್ಟೆ ಕಟ್ಟುತ್ತಿತ್ತು, ಬಾಯಿ ರುಚಿ ಕೆಡುತ್ತಿತ್ತು. ವಾಸಿಯಾಗುವುದು ಕಾಯಿಲೆ ಬೀಳುವುದಕ್ಕಿಂತ ದಣಿವಿನ ಕೆಲಸ.

ಅವ್ವ ಮನೆಗೆ ಬಂದ ದಿನ ಅಜ್ಜಿ ಕುರಿ ಲಿವರ್ರು ತರಿಸಿದ್ದಳು. ಎಷ್ಟೋ ಕಾಲದಿಂದ ಬಾಡು ಮುಟ್ಟದ ಕೈಯಲ್ಲಿ ತಾನೇ ಹೆಚ್ಚಿ, ಮೆಣಸು ಕುಟ್ಟಿ ಹಾಕಿ ಹುರಿದು, ನಡುಮನೆಯಲ್ಲಿ ಎಲ್ಲರಿಗಿಂತ ಮೊದಲು ಅವ್ವನಿಗೆ ತಟ್ಟೆ ಹಾಕಿದಳು. ತಪ್ಪಾಯಿತು ಅನ್ನಲಿಲ್ಲ. ನಮ್ಮ ಮನೆಯಲ್ಲಿ ಆ ಮಾತು ಯಾರಿಗೂ ಬರುತ್ತಿರಲಿಲ್ಲ. ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ತಿನ್ನು" ಎಂದಳು. ಅವ್ವ ಎರಡು ತುತ್ತು ತಿಂದು ಹಿತ್ತಿಲಿಗೆ ಓಡಿ ವಾಂತಿ ಮಾಡಿದಳು. ಅಜ್ಜಿ ಚೊಂಬಿನಲ್ಲಿ ನೀರು ಕೊಟ್ಟು, ಬೆನ್ನು ತಟ್ಟಿ, ಮತ್ತೆ ಕರೆತಂದು ಕೂರಿಸಿದಳು. ಮಾರನೆಯ ದಿನವೂ ಅದೇ. ಕೆಲವು ದಿನಗಳಾದ ಮೇಲೆ ಹೊಟ್ಟೆ ಒಪ್ಪಿಕೊಂಡಿತು.

ಕೂದಲು ಮಾತ್ರ ಕೂಡಲೇ ನಿಲ್ಲಲಿಲ್ಲ. ರಕ್ತ ಬಂದ ಮೇಲೂ ಎಷ್ಟೋ ದಿನ ಉದುರುತ್ತಲೇ ಇತ್ತು, ಡಾಕ್ಟರು ಸುಳ್ಳು ಹೇಳಿದರೇನೋ ಎಂದು ಅಪ್ಪನಿಗೂ ಅನುಮಾನ ಬಂತು. ಆಮೇಲೊಂದು ಬೆಳಿಗ್ಗೆ ಅವ್ವನ ಹಣೆಯ ಅಂಚಿನಲ್ಲಿ ಗಿಡ್ಡ ಗಿಡ್ಡ ಹೊಸ ಕೂದಲು ಪೈರಿನ ಹಾಗೆ ನೆಟ್ಟಗೆ ಎದ್ದು ನಿಂತಿದ್ದವು. ಎಣ್ಣೆ ಹಚ್ಚಿದರೂ ಮಲಗುತ್ತಿರಲಿಲ್ಲ. ಜಡೆ ಬಂತು. ಅಜ್ಜಿ ತೂಗಿ ನೋಡಿ ಒಪ್ಪಿದ ಆ ಜಡೆಯಲ್ಲ, ಸಾಧಾರಣ ಜಡೆ. ಬೀದಿಯ ಹೆಂಗಸರು ಏನು ಮಾಡಿದಿರಿ ಎಂದು ಕೇಳಿದರೆ ಅಜ್ಜಿ ಎಗ್ಗಿಲ್ಲದೆ, "ಕಾವು ಇಳೀತು ಕಣಮ್ಮ" ಎನ್ನುತ್ತಿದ್ದಳು. ಅವಳು ತಾನು ಮಾತ್ರ ಕೊನೆಯವರೆಗೂ ಬಾಡು ತಿನ್ನಲಿಲ್ಲ. ಮನೆಯಲ್ಲಿ ಮಾಡಿದಾಗಲೆಲ್ಲ ಅವ್ವ ಅವಳ ತಟ್ಟೆಯ ಮುಂದೆ ಸೌಟು ಹಿಡಿದು ನಿಲ್ಲುವಳು, ಅಜ್ಜಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವಳು.

"ಈಗ್ಯಾಕೆ ಬುಡಮ್ಮಿ."

ಆ ಮಾತನ್ನು ಅಜ್ಜಿ ಹೇಳುತ್ತಿದ್ದ ರೀತಿಯಲ್ಲಿ ಬೇಸರ ಮಾತ್ರ ಇರುತ್ತಿತ್ತು, ವ್ರತ ಇರುತ್ತಿರಲಿಲ್ಲ. ಹುಡುಗಿಯಾಗಿ ಬಂದವಳು ತನ್ನ ವಯಸ್ಸನ್ನೆಲ್ಲ ಬೆಲ್ಲವಿಲ್ಲದೆ, ಬಾಡಿಲ್ಲದೆ, ಅರೆಹೊಟ್ಟೆಯಲ್ಲಿ ಕಳೆದಿದ್ದಳು, ಯಾವ ಕೂದಲಿಗೋಸ್ಕರ ಕಳೆದಳೋ ಅದು ಹೇಗೂ ಹೋಗುವುದೇ ಆಗಿತ್ತು. ಅದು ಗೊತ್ತಾದ ಮೇಲೆ ತಿಂದರೆ ಕಳೆದದ್ದೆಲ್ಲ ದಂಡ ಎಂದು ಒಪ್ಪಿಕೊಂಡಂತೆ. ಹಾಗೆಂದು ಅವಳು ಹೇಳಲಿಲ್ಲ, ನಾನು ಊಹಿಸುತ್ತಿದ್ದೇನೆ. ನನ್ನ ಊಹೆ ಸರಿ ಎಂದೇ ನನಗೆ ನಂಬಿಕೆ, ಯಾಕೆಂದರೆ ಈಗ ನನ್ನ ಕೊರಳ ಮೇಲಿರುವುದು ಅಜ್ಜಿಯ ತಲೆ.

ನಲವತ್ತು ದಾಟುತ್ತಿದ್ದಂತೆ ಬೈತಲೆ ಅಗಲವಾಗಲು ಶುರುವಾಯಿತು. ಮಂಡ್ಯದ ಹೈಸ್ಕೂಲಿನಲ್ಲಿ ಬೋರ್ಡಿನ ಕಡೆ ತಿರುಗಿ ಬರೆಯುವಾಗ ಹಿಂದೆ ಕೂತ ಮಕ್ಕಳಿಗೆ ನೆತ್ತಿ ಕಾಣುತ್ತದಲ್ಲ ಎಂದು ಬೆನ್ನು ಬಿಗಿಯಾಗುತ್ತಿತ್ತು. ಚರ್ಮದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡು ನೋಡಿದರು, ಎಲ್ಲ ಸರಿಯಿತ್ತು. ವಂಶದ್ದು ಎಂದರು. ತಲೆಗೆ ಹಚ್ಚುವ ಔಷಧಿ ಬರೆದುಕೊಟ್ಟು, ಮೊದಮೊದಲು ಇನ್ನೂ ಉದುರುತ್ತದೆ ಗಾಬರಿಯಾಗಬೇಡಿ, ಇದ್ದದ್ದು ಉಳಿದರೆ ಅದೇ ಗೆದ್ದಂತೆ, ನಿಲ್ಲಿಸಿದರೆ ಮತ್ತೆ ಹೋಗುತ್ತದೆ ಎಂದು ಬಿಡಿಸಿ ಹೇಳಿದರು. ಅಂದಿನಿಂದ ಹಚ್ಚುತ್ತಲೇ ಇದ್ದೇನೆ. ಬಿಡುವಂತಿಲ್ಲ, ನೆಚ್ಚುವಂತಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೂ ಮೊಬೈಲಿನಲ್ಲಿ ಒಂದೊಂದು ಎಣ್ಣೆಯ ಚಿತ್ರ ತೋರಿಸುತ್ತಾರೆ. ಓದಿ ಡಿಗ್ರಿ ಮಾಡಿದ ಹುಡುಗಿಯೊಬ್ಬಳು ಮೊನ್ನೆ, ಮೇಡಂ ನಿಮಗೆ ಬಾಡಿ ಹೀಟು, ನಾನ್ ವೆಜ್ ಬಿಟ್ಟು ನೋಡಿ ಎಂದಳು. ನಾನು ಅವಳಿಗೆ ಈ ಕಥೆಯನ್ನೆಲ್ಲ ಹೇಳಬಹುದಿತ್ತು. ಹೇಳುವಷ್ಟು ಉಸಿರು ಇರಲಿಲ್ಲ, ಆಯ್ತಮ್ಮ ಎಂದೆ.

ಅಪ್ಪ ಹೋದ ಮೇಲೆ ಅವ್ವ ಮಂಡ್ಯದಲ್ಲಿ ನನ್ನ ಜೊತೆಗೇ ಇದ್ದಾಳೆ. ಅವಳ ಕೂದಲು ಪೂರ್ತಿ ಬೆಳ್ಳಗಾಗಿದೆ, ಆದರೆ ಒತ್ತಾಗಿದೆ. ಬೆಳಿಗ್ಗೆ ನಾನು ಕನ್ನಡಿ ಮುಂದೆ ಕೂತು ಔಷಧಿ ಹಚ್ಚುವಾಗ ಹಿಂದೆ ನಿಂತು ನೋಡುತ್ತಾಳೆ. ನನಗೆ ಕೈ ಸಿಗದ ಕಡೆ ತಾನೇ ಬೆರಳು ಅದ್ದಿ ಹಚ್ಚುತ್ತಾಳೆ. ಒಂದು ದಿನ ಹಾಗೆ ಹಚ್ಚುತ್ತಿದ್ದಾಗ, ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದೆ.

"ಅವ್ವ, ಅಜ್ಜಿ ಮೇಲೆ ನಿಂಗೆ ಯಾವತ್ತೂ ಕೋಪ ಬರ್ಲಿಲ್ವಾ?"

ಅವಳು ಬೆರಳನ್ನು ಮತ್ತೆ ಔಷಧಿಗೆ ಅದ್ದಿ ನನ್ನ ನೆತ್ತಿಗೆ ಹಚ್ಚಿದಳು.

"ಕ್ವಾಪ ಮಾಡ್ಕಳಕ್ಕೂ ಮೈಯಲ್ಲಿ ರಕ್ತ ಇರ್ಬೇಕು ಕಣಮ್ಮಿ. ಆಗ ಇರ್ಲಿಲ್ಲ. ಬರಾ ಒತ್ಗೆ ಅತ್ತೆ ಮುದುಕಿ ಆಗ್ಬುಟ್ಟಿದ್ರು."